ಕಪ್ಪು

ಚಿತ್ರಕಲಾ ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂರು ದಿನದ ತರಬೇತಿ.
ಹಲ್ಲಿನ ಲ್ಯಾಬಿಗೆ ರಜೆ ಹಾಕಿ ಹೋದೆ.
ತಿಲೋತ್ತಮಾ ಮೇಡಂ ಟ್ಯೂಬಿನಿಂದ ಹಿಂಡಿದರು
ಜಪಾನಿನ ಯಾವುದೋ ಮರದ ಹಾಲು.
ಕಾಕಂಬಿಯ ಬಣ್ಣ; ಮೈದಾ ಕಲೆಸಿದರೆ ಅಂಟು.
"ಒಡೆದದ್ದನ್ನು ಮುಚ್ಚಬೇಡಿ, ಮೆರೆಸಿ" ಎಂದರು.
ಎಲ್ಲರೂ ಬರೆದುಕೊಂಡರು.
ನಾನು ಬರೆದುಕೊಂಡದ್ದು ಚಿನ್ನದ ಪುಡಿಯ ರೇಟು.

ಮಾರನೆಯ ದಿನ ಮೊಣಕೈತನಕ ದದ್ದು.
ಅವ್ವ ಕೈ ಹಿಡಿದು ನೋಡಿ ನಕ್ಕಳು:
"ಇದು ಕರಿಗೇರಲ್ಲೇನೇ? ನಿಮ್ ತಾತಗೂ ಹಿಂಗೇ ಏಳ್ತಿತ್ತು.
ಕೊಬ್ರಿ ಎಣ್ಣಿ ಹಚ್ಚು."

ಹೌದು, ಕರಿಗೇರು.
ಕಾಯಿಗೆ ಸೂಜಿ ಚುಚ್ಚಿ, ರಸದಲ್ಲಿ ತಾತ
ಪಂಚೆಯ ಅಂಚಿಗೆ, ಸೀರೆಯ ಒಳಸೆರಗಿಗೆ ಗುರುತು ಹಾಕುತ್ತಿದ್ದ.
ಓದು ಬಾರದವನ ಅಕ್ಷರ.
ಪೋಸ್ಟ್ ಮಾಸ್ತರಿಗೆ ಎರಡು ಗೆರೆ,
ದಲ್ಲಾಳಿ ಮನೆಗೆ
ಒಂದು ಗೆರೆ, ಮೂರು ಚುಕ್ಕಿ.

ಈ ಅಂಟು ಒಣಗಬೇಕಾದರೆ ತೇವ ಬೇಕು.
ಬಿಸಿಲಿಗಿಟ್ಟರೆ ಹಸಿಯಾಗಿಯೇ ಉಳಿಯುತ್ತದೆ.
ದಾವಣಗೆರೆಯ ಏಪ್ರಿಲ್ಲಿನಲ್ಲಿ ತೇವವನ್ನು ಎಲ್ಲಿಂದ ತರಲಿ?
ಟ್ರಂಕಿಗೆ ಒದ್ದೆ ಗೋಣಿತಾಟು ಹಾಸಿ,
ಕಲಿಕೆಯ ಬಟ್ಟಲಿಟ್ಟು, ಮುಚ್ಚಿ, ಹತ್ತು ದಿನ ಕಾದೆ.
"ಮಗಳು ಕಪ್ಪು-ಬಸಿಗೆ ಬಾಣಂತನ ಮಾಡ್ತಾಳೆ"
ಅಂತ ಅವ್ವ ಓಣಿಗೆಲ್ಲ ಸಾರಿದಳು.
ಚೌಕಿಪೇಟೆಯ ಮೌನೇಶಣ್ಣ ಎರಡು ಗುಲಗಂಜಿ ತೂಕದ ಪುಡಿಯನ್ನು
ಮಾತ್ರೆಯ ಕ್ಯಾಪ್ಸೂಲಿಗೆ ತುಂಬಿ ಕೊಟ್ಟು
"ಸೀನಬೇಡವ್ವ" ಎಂದ.

ಆಮೇಲೆ ಬಂದಳು ದಲ್ಲಾಳಿ ಮನೆಯ ಮೊಮ್ಮಗಳು ಶಾಂಭವಿ,
ಪೇಪರಿನಲ್ಲಿ ಐದು ಚೂರು.
"ಹಳೇ ಮನೆ ಕೆಡವುವಾಗ ಹಿತ್ತಲ ಗೋಡೆಯ ಗೂಡಲ್ಲಿ ಸಿಕ್ಕಿತು.
ಆಂಟಿಕ್ ಇರಬೇಕು. ಎಷ್ಟಾದರೂ ಆಗಲಿ, ಚಿನ್ನ ಹಾಕಿ."

ನೀಲಿ ಹೂ. ಹಿಡಿ ಮುರಿದು ಎಷ್ಟೋ ಕಾಲವಾದದ್ದು.

ಗೊತ್ತು ನನಗೆ ಆ ಗೂಡು.
ಗಂಟು ಇಳಿಸಿ ತಾತ ತಾನೇ ತೆಗೆದುಕೊಳ್ಳುತ್ತಿದ್ದ,
ಮೇಲಿಂದ ಬೀಳುವ ಚಹಾಕ್ಕೆ ಬಾಗಿ ಹಿಡಿಯುತ್ತಿದ್ದ,
ಕುಡಿದು, ತೊಳೆದು, ಅಲ್ಲೇ ಬೋರಲು ಹಾಕುತ್ತಿದ್ದ.
ತೊಳೆದ ಕಪ್ಪನ್ನು ಯಾರೂ ಮುಟ್ಟುತ್ತಿರಲಿಲ್ಲ.
ತೊಳೆದ ಬಟ್ಟೆ ಮಾತ್ರ ಅವರ ಮೈಗೆ ಆಗುತ್ತಿತ್ತು.
ನನಗಾಗ ಆರು ವರ್ಷ. ಗೋಡೆಗೆ ಒರಗಿ ನೋಡುತ್ತಿದ್ದೆ.

ಚೂರು ಕೂಡಿಸಿದೆ.
ಟ್ರಂಕಿನಲ್ಲಿಟ್ಟೆ, ತೆಗೆದೆ, ಉಜ್ಜಿದೆ.
ಕ್ಯಾಪ್ಸೂಲು ಬಿಚ್ಚಿದೆ.
ಮತ್ತೆ ಮುಚ್ಚಿದೆ.
ಗ್ರಂಧಿಗೆ ಅಂಗಡಿಯಿಂದ ನಾಲ್ಕು ಕರಿಗೇರು ತಂದು
ಬಿರುಕಿನುದ್ದಕ್ಕೂ ಎಳೆದೆ, ಹಲ್ಲಿಗೆ ಬಣ್ಣ ಕೊಡುವ ಕುಂಚದಲ್ಲಿ.
ಕೂಡಿದ ಗೆರೆ ಕಪ್ಪು.
ನಮ್ಮಲ್ಲಿ ಚಹಾದ ಬಟ್ಟಲಿಗೂ ಅದೇ ಹೆಸರು.
ಅಡಿಯಲ್ಲಿ, ಯಾರೂ ತಿರುಗಿಸಿ ನೋಡದ ಕಡೆ,
ಒಂದು ಗೆರೆ, ಮೂರು ಚುಕ್ಕಿ.

"ಚಿನ್ನ ಎಲ್ಲಿ?" ಎಂದಳು.
"ಇದು ಸೋಪಿಗೆ ಹೋಗುವುದಿಲ್ಲ" ಎಂದೆ.

ಬೆಳಕಿಗೆ ಹಿಡಿದಳು. ತಿರುಗಿಸಿದಳು.
ಉಗುರಿನಿಂದ ಚುಕ್ಕಿ ಕೆರೆದು ನೋಡಿದಳು.
"ನಮ್ಮಜ್ಜಿಯ ಧಾರೆ ಸೀರೆಯಲ್ಲೂ ಇದೆ ಇದು.
ಏನಿದು?"

ಕೂತ್ಕೊಳ್ಳಿ, ಎಂದೆ.
ಕೈ ಇನ್ನೂ ತುರಿಸುತ್ತಿತ್ತು.