ಬಲಗನ್ನಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಅವನದೇ.
ಪೋರ್ಟ್ ಸಯೀದ್ ರಸ್ತೆ, ನಡುಮಧ್ಯಾಹ್ನ,
ಅರ್ಧ ಕೈರೋ ಇನ್ನರ್ಧ ಕೈರೋದ ಬೆನ್ನಿಗೆ
ಹಾರ್ನ್ ಒತ್ತುತ್ತಿರುವ ಹೊತ್ತು,
ಎದುರಿನಿಂದ, ಹೌದು, ಎದುರಿನಿಂದಲೇ
ಒಂದು ಸೈಕಲ್ಲು.
ತಲೆಯ ಮೇಲೆ ಬಾಗಿಲಗಲದ ಹಲಗೆ,
ಹಲಗೆಯ ಮೇಲೆ ನೂರೈವತ್ತು ರೊಟ್ಟಿ.
ಒಂದು ಕೈ ಹಲಗೆಗೆ, ಒಂದು ಕೈ ಹ್ಯಾಂಡಲಿಗೆ,
ಬ್ರೇಕಿಗೆ ಯಾವ ಕೈ? ದೇವರೇ ಬಲ್ಲ.
ಬೆಲ್ಲಿಲ್ಲ. ಹಲ್ಲಿನ ಸಂದಿಯಿಂದ ಒಂದು ಹಿಸ್,
ಬೆಕ್ಕನ್ನು ಅಟ್ಟುವ ಹಾಗೆ.
ಬೆಕ್ಕು ಯಾರು ಅಂದುಕೊಂಡಿರಿ? ನಾನು.

ಇಪ್ಪತ್ತೆರಡು ವರ್ಷದಿಂದ ಟ್ಯಾಕ್ಸಿಯೇ ನನ್ನ ಹೊಟ್ಟೆಪಾಡು.
ಕಂತು ತೀರಿದ್ದು ಹೋದ ರಂಜಾನಿಗೆ.
ಈ ರಸ್ತೆಗೆ ತೆರಿಗೆ ಕಟ್ಟುವವ ನಾನು,
ಲೈಸೆನ್ಸಿಗೆ ಸಾಲು ನಿಲ್ಲುವವ ನಾನು,
ಸಾರ್ಜೆಂಟನ ಸಿಗರೇಟಿನ ಖರ್ಚೂ ನನ್ನದೇ.
ಅವನು?
ಎರಡು ಚಕ್ರ, ಒಂದು ಸರಪಳಿ,
ಮಾವನ ಮನೆಯ ಅಂಗಳವೆಂಬಂತೆ ಓಡಾಟ.

ಕನ್ನಡಿಗೂ ಪಕ್ಕದ ಬಸ್ಸಿಗೂ ನಡುವೆ
ಇದ್ದದ್ದು ಒಂದೂವರೆ ಮೊಳ.
ಅವನಿಗೆ ಬೇಕಿದ್ದುದು ಎರಡು.
ನನ್ನ ಎಡಕ್ಕೆ ಒಂದು ಗೇಣು ಖಾಲಿ ಇತ್ತು,
ಇದನ್ನು ಸಾರ್ಜೆಂಟನಿಗೆ ಹೇಳಲಿಲ್ಲ.
ಸ್ಟಿಯರಿಂಗ್ ಕೈಯಲ್ಲೇ ಇತ್ತು,
ಆದರೆ ಆ ಹಿಸ್ ಕಿವಿಯಲ್ಲಿ ಕೂತಿತ್ತು.
ಸರಿಯಲಿಲ್ಲ.

ಟಕ್.
ಅವನ ಮೊಣಕೈ, ನನ್ನ ಬಲಗನ್ನಡಿ.
ಕನ್ನಡಿ ಮುಖ ತಿರುಗಿಸಿಕೊಂಡಿತು.
ಆಮೇಲೆ ಹಲಗೆ ವಾಲಿತು, ಎಷ್ಟು ನಿಧಾನ ಅಂದರೆ
ಬೇಡ ಅನ್ನಲು ಸಮಯವಿತ್ತು.
ರೊಟ್ಟಿಗಳು ಇಳಿದವು, ಬಿಸಿಬಿಸಿ, ದುಂಡಗೆ,
ಒಂದೊಂದೂ ತನ್ನ ದಾರಿ ಹಿಡಿದು;
ಕೆಲವು ಉರುಳಿ ಬಸ್ಸಿನಡಿಗೆ,
ಒಂದು ನನ್ನ ವೈಪರಿನ ಮೇಲೆ.

ಬೈಗುಳ ಬಾಯಿಗೆ ಬಂದಿತ್ತು, ಅವನ ತಾಯಿಯಿಂದ ಶುರುವಾಗುವಂಥದ್ದು.
ಬಾಗಿಲು ತೆರೆದೆ, ಕಾಲಿಡಬೇಕು,
ಅಲ್ಲೂ ಒಂದು ರೊಟ್ಟಿ.
ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

ನಮ್ಮಲ್ಲಿ ರೊಟ್ಟಿಗೆ ಐಶ್ ಅನ್ನುತ್ತಾರೆ,
ಐಶ್ ಅಂದರೆ ಬದುಕು.
ಬೀದಿಯಲ್ಲಿ ತುಣುಕು ಕಂಡರೂ ನನ್ನಜ್ಜಿ
ಎತ್ತಿ, ಮುತ್ತಿಟ್ಟು, ಹಣೆಗೊತ್ತಿ,
ಗೋಡೆಯ ಮೇಲಿಡುತ್ತಿದ್ದಳು, ಹಕ್ಕಿಗಾದರೂ ಆಗಲಿ ಎಂದು.
ಬಗ್ಗಿದೆ.
ಹಿಂದಿನ ಮರ್ಸಿಡಿಸ್ಸಿನವ, ಕಪ್ಪು ಕನ್ನಡಕದವ, ಅವನೂ ಬಗ್ಗಿದ.
ಬಸ್ಸಿನಿಂದ ಕಂಡಕ್ಟರ್ ಇಳಿದ, ಇಬ್ಬರು ಶಾಲೆಯ ಹುಡುಗಿಯರು.
ನನ್ನ ಸವಾರಿ ಮದಾಮ್ ಇನ್ಸಾಫ್,
ಮಂಡಿ ತೋರಿಸಲು ಆಸ್ಪತ್ರೆಗೆ ಹೊರಟವಳು,
ಊರುಗೋಲಿನ ಕೊಕ್ಕೆಯಿಂದ
ಬಸ್ಸಿನಡಿಯ ರೊಟ್ಟಿಗಳನ್ನು ಒಂದೊಂದಾಗಿ ಎಳೆದಳು.
ಹಾರ್ನುಗಳು ನಿಂತವು.
ಈ ರಸ್ತೆಯಲ್ಲಿ ಗುಬ್ಬಿಗಳಿವೆ ಎಂದು
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದೆ.

ಸ್ವರ್ಗ ಅಂದುಕೊಳ್ಳಬೇಡಿ. ಎರಡೇ ನಿಮಿಷ.
ಮೂರನೆಯದಕ್ಕೆ ಅವನು, ಹೆಸರು ರಗಬ್, ಮೊಣಕೈಯಲ್ಲಿ ರಕ್ತ,
‘ಚಕ್ರ ಸೊಟ್ಟಗಾಯಿತು, ಯಾರು ಕೊಡ್ತಾರೆ?’
‘ನನ್ನ ಕನ್ನಡಿ ಯಾರು ಕೊಡ್ತಾರೆ?’
ಹಿಂದಿನಿಂದ ಹಾರ್ನ್.
ಅದೇ ಮರ್ಸಿಡಿಸ್ಸಿನವ,
ತೌಡು ಮೆತ್ತಿದ ಅದೇ ಬೆರಳು.

ನೂರು ಕೇಳಿದ. ಐವತ್ತು ಕೊಟ್ಟೆ.
ಇಸಿದುಕೊಂಡು ಬೈದ, ನಾನೂ ಬೈದೆ.
ಹಲಗೆಯ ಒಂದು ಬದಿ ಹಿಡಿದು ಅವನ ತಲೆಗೆ ಎತ್ತಿಕೊಟ್ಟೆ;
ಎಷ್ಟು ಭಾರ ಅಂತ ಕೈಗೆ ಗೊತ್ತಾದದ್ದು ಆಗ.
ಸೊಟ್ಟ ಚಕ್ರದ ಮೇಲೇ ಹೊರಟ,
ಮತ್ತೆ ಎದುರಿಗೇ, ಮತ್ತೆ ಹಿಸ್.
ನಾನು ಎಡಕ್ಕೆ ಒಂದು ಗೇಣು ಸರಿದೆ.
ಅವನು ನೋಡಲಿಲ್ಲ.

ಕನ್ನಡಿ ಈಗಲೂ ಮಡಚಿಕೊಂಡೇ ಇದೆ.
ಐದು ನಿಮಿಷದ ಕೆಲಸ, ಅನ್ನುತ್ತಾನೆ ಮೆಕ್ಯಾನಿಕ್ ಶನೂದಾ.
ನಾಳೆ, ಅನ್ನುತ್ತೇನೆ.

ಅಂದಹಾಗೆ, ವೈಪರಿನ ಮೇಲೆ ಬಿದ್ದದ್ದನ್ನು ಅವನು ಮರೆತಿದ್ದ.
ಮುಂದಿನ ಸಿಗ್ನಲಿನಲ್ಲಿ ಹರಿದು
ಮದಾಮ್ ಇನ್ಸಾಫಳಿಗೆ ಅರ್ಧ ಕೊಟ್ಟೆ.
ಇನ್ನೂ ಬೆಚ್ಚಗಿತ್ತು, ಸ್ವಲ್ಪ ಪೆಟ್ರೋಲಿನ ವಾಸನೆ.
ಅದರ ದುಡ್ಡು ಕೊಟ್ಟಿಲ್ಲ.