ನಲವತ್ತೇಳು ಕಿಲೋ

ವಡಾಲಾ ರೋಡ್ ಸ್ಟೇಷನ್ನಿನ ಎರಡನೆಯ ಪ್ಲಾಟ್‌ಫಾರ್ಮು,
ವಡಾಪಾವ್ ಮಾರುವವನ ಪಕ್ಕ ನಿಂತ ತೂಕದ ಯಂತ್ರ.
ಮೈತುಂಬ ಕೆಂಪು ಹಸಿರು ದೀಪ, ಹೊಟ್ಟೆಯಲ್ಲಿ ತಿರುಗುವ ಚಕ್ರ,
ಹಬ್ಬವಿಲ್ಲದ ದಿನವೂ ಹಬ್ಬದ ಹಾಗೆ.
ಇಪ್ಪತ್ತಾರು ವರ್ಷ ಇದಕ್ಕೆ ಎಣ್ಣೆ ಬಿಟ್ಟವನು ನಾನು,
ಚೀಟಿಯ ಕಟ್ಟು ತುಂಬಿದವನು.
ಭವಿಷ್ಯ ಒಟ್ಟು ಮೂವತ್ತೆರಡು ಬಗೆ. ಎಲ್ಲ ಬಾಯಿಪಾಠ.
ದೇವರಿಗೂ ಅಷ್ಟೇ ಗೊತ್ತಿರುವುದು ಎಂದು ಜಲಜ ನಗುತ್ತಿದ್ದಳು.

ಅವಳು ಹೋಗಿ ಮೂರು ತಿಂಗಳ ಮೇಲೆ, ಒಂದು ಮಂಗಳವಾರ,
ಕೆಲಸ ಮುಗಿಸಿ, ಪರೀಕ್ಷೆಗೆಂದು ನಾನೇ ಹತ್ತಿ ನಿಂತೆ.
ನನ್ನ ತೂಕ ಅರವತ್ತೊಂದು. ಮದುವೆಯಾದಾಗಿನಿಂದ ಅರವತ್ತೊಂದೇ,
ಅನ್ನ ಹೆಚ್ಚಾದರೂ ಅಷ್ಟೇ, ದುಃಖ ಹೆಚ್ಚಾದರೂ ಅಷ್ಟೇ.
ಚೀಟಿ ಬಿತ್ತು: ನಲವತ್ತೇಳು.

ಇಳಿದೆ. ಚಪ್ಪಲಿ ಕೊಡವಿದೆ. ಮತ್ತೆ ಹತ್ತಿದೆ.
ನಲವತ್ತೇಳು.
ಮೀನಿನ ಮೌಶಿಯನ್ನು ಕರೆದು, ನನ್ನದೇ ನಾಣ್ಯ ಹಾಕಿ ನಿಲ್ಲಿಸಿದೆ.
ಬುಟ್ಟಿ ಸಮೇತ ಎಂಬತ್ತಮೂರು.
ನಾನು ಎಪ್ಪತ್ತು, ಬೊಂಬಿಲ್ ಹತ್ತು, ಬುಟ್ಟಿ ಮೂರು,
ನಿನ್ನ ಮಷೀನು ಸತ್ಯವಂತ ಎಂದು ಹೊರಟುಹೋದಳು.
ಮತ್ತೆ ನಾನು.
ನಲವತ್ತೇಳು.

ಅದು ಯಾರ ತೂಕ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.
ಪ್ರತಿ ಸಂಬಳದ ದಿನ ಪರ್ಸು ನನ್ನ ಕೈಗೆ ಕೊಟ್ಟು
(ಅರ್ಧ ಕಿಲೋ ಅನ್ಯಾಯವಾಗಿ ಸೇರಬಾರದಲ್ಲ)
ಸೆರಗು ಬಿಗಿದು, ಉಸಿರು ಹಿಡಿದು ನಿಲ್ಲುತ್ತಿದ್ದಳು ಇದರ ಮೇಲೆ.
ಚೀಟಿಗಳೆಲ್ಲ ಇಂಗಿನ ಡಬ್ಬಿಯಲ್ಲಿ.
ಈಗಲೂ ಮುಚ್ಚಳ ತೆರೆದರೆ
‘ನಿಮಗೆ ವಿದೇಶ ಪ್ರಯಾಣದ ಯೋಗವಿದೆ’ ಎಂಬ ಮಾತಿಗೆ
ಸಾರಿನ ಒಗ್ಗರಣೆಯ ವಾಸನೆ.
ಅವಳು ದೂರ ಹೋದದ್ದು ಹೆಚ್ಚೆಂದರೆ ವಿರಾರ್.

ಆಮೇಲೆ ಪರೇಲಿನ ಆಸ್ಪತ್ರೆಯ ತಕ್ಕಡಿ.
ನಲವತ್ತೆರಡು. ಮೂವತ್ತೇಳು. ಒಂದು ಗುರುವಾರ ಮೂವತ್ತೊಂದು.
ನರ್ಸು ಬರೆದುಕೊಳ್ಳುವಾಗ ನಾನು ತಕ್ಕಡಿಯ ಬುಡವನ್ನೇ ನೋಡುತ್ತಿದ್ದೆ,
ಎಲ್ಲಾದರೂ ಸಡಿಲಿರಬಹುದು, ತಿದ್ದಬಹುದು ಎಂದು.
ಅದು ಸರಿಯಾಗಿತ್ತು.

ಗಲ್ಲಾದಲ್ಲಿ ಕೂತ ವಿಠಲ ನಾಯಕರು ತಲೆಯೆತ್ತದೆ ಹೇಳಿದರು:
ಏನೋ ಬಾಕಿ ಉಳಿದಿದೆ, ನಾಸಿಕಕ್ಕೆ ಹೋಗಿ ಮುಗಿಸಿ ಬಾ.
ಮಗಳು ಸ್ನೇಹಲ್ ಹೇಳಿದಳು: ಪಪ್ಪಾ, ಸ್ಪ್ರಿಂಗ್.

ಸ್ಪ್ರಿಂಗಿನ ಹತ್ತಿರವೇ. ಮರುದಿನ ಬೀಗ ತೆಗೆದು ತಲೆ ಒಳಗೆ ತೂರಿಸಿದರೆ
ಧೂಳು, ಹಲ್ಲಿಮೊಟ್ಟೆಯ ಒಣ ಚಿಪ್ಪು,
ಸನ್ನೆಗೋಲಿನ ಕೆಳಗೆ ಸಿಕ್ಕಿಕೊಂಡ ಒಂದು ರೂಪಾಯಿ.
ಕಾರಣ ಅನ್ನುವುದು ಹೀಗೆ ಅಂಗೈಗೆ ಬಂದು ಕೂತಿತು,
ತಣ್ಣಗೆ, ಒಂದು ಮುಖ ಸವೆದು.

ಆದರೆ ತಪ್ಪಲು ಎಷ್ಟೊಂದು ಅಂಕಿಯಿತ್ತು ಅದಕ್ಕೆ.
ನಲವತ್ತೆಂಟು ಇತ್ತು. ಐವತ್ತೆರಡು ಇತ್ತು.
ಮೌಶಿಯ ಬೊಂಬಿಲ್ ಮೇಲೆ ಯಾಕೆ ತಪ್ಪಲಿಲ್ಲ?
ಹೇಗೆ ಎಂಬುದಕ್ಕೆ ನನ್ನ ಚೀಲದಲ್ಲಿ ಇಕ್ಕಳ ಉಂಟು,
ಯಾಕೆ ಎಂಬುದಕ್ಕೆ ಇಲ್ಲ.
ನಾನು ತಿಳಿದುಕೊಂಡದ್ದು ಇಷ್ಟು:
ಆಸ್ಪತ್ರೆ ಗ್ರಾಂ ಗ್ರಾಂ ಕಸಿದುಕೊಂಡದ್ದನ್ನೆಲ್ಲ
ಎಲ್ಲೋ ಕೂತು, ಉಂಡು, ಅವಳು ಮರಳಿ ಕೂಡಿಸಿಕೊಂಡಿದ್ದಾಳೆ.
ಮೈಕೈ ತುಂಬಿಕೊಂಡಿದ್ದಾಳೆ.
ತಿಳಿಸಲು ಕನಸು ಬೇಕಾಗಲಿಲ್ಲ, ಕಾಗೆ ಬೇಕಾಗಲಿಲ್ಲ,
ಗಂಡನಿಗೆ ಓದಲು ಬರುವುದು ಅಂಕಿ ಮಾತ್ರ ಎಂದು ಗೊತ್ತಲ್ಲ ಅವಳಿಗೆ.
ಇದು ಸುಳ್ಳೂ ಇರಬಹುದು.
ತೂಗಿ ನೋಡಿಲ್ಲ.

ಯಂತ್ರ ರಿಪೇರಿ ಮಾಡಿದೆ. ಮಾಡದೆ ಹೇಗೆ,
ಮುಂದಿನವರು ಹಾಕುವುದೂ ದುಡ್ಡೇ.
ಹತ್ತಿ ನಿಂತೆ: ಅರವತ್ತೊಂದು.
ಹಿಂದೆ: ‘ನೀವು ಮಿತಭಾಷಿ. ಹಳೆಯ ಸಾಲ ತೀರುವುದು.’

ಎಂಟೂವರೆಯ ಪನವೇಲ್ ಲೋಕಲ್ಲಿನಲ್ಲಿ ಕಿಟಕಿ ಸಿಕ್ಕಿತು.
ಗೋಡೆಗೆ ಒತ್ತಿಕೊಂಡು ಕೂತೆ,
ನಲವತ್ತೇಳು ಕಿಲೋಗೆ ಎಷ್ಟು ಬೇಕೋ ಅಷ್ಟು ಜಾಗ ಬಿಟ್ಟು.
ಕುರ್ಲಾದಲ್ಲಿ ಒಬ್ಬ ಹುಡುಗ, ಬೆನ್ನಿಗೆ ಚೀಲ,
ಕೇಳದೆಯೇ ಅದರೊಳಗೆ ತೂರಿಕೊಂಡ,
ಮಾನಖುರ್ದ್ ತನಕ ನನ್ನ ಭುಜದ ಮೇಲೆ ನಿದ್ದೆ ಹೊಡೆದ.
ಭಾರವಿದ್ದ.
ಇರಲಿ ಎಂದು ಬಿಟ್ಟೆ.