ಷರಾ

ಹಳೆಯ ನಮೂನೆ ನಾಲ್ಕೇ ಪುಟ.
ಅಸ್ಥಿಪಂಜರ ಇದೆಯೇ? ಇದೆ.
ನೀರು ಕುದಿಸುತ್ತಾರೆಯೇ? ಹೌದಂತೆ.
ಸಹಿ, ಮೊಹರು, ಒಂದು ಲೋಟ ಕಾಫಿ,
ವಿರಾಜಪೇಟೆಯಿಂದ ಕೊನೆಯ ಬಸ್ಸಿಗೆ ಮಡಿಕೇರಿ.

ಈಗ ತಿದ್ದುಪಡಿಯಾಗಿದೆ. ಐವತ್ತಾರು ಪುಟ.
ಹತ್ತು ಹುಡುಗಿಯರಿಗೆ ಒಬ್ಬ ಬೋಧಕಿ,
ಬೆರಳೊತ್ತಿ ಹಾಜರಿ, ಗೋಡೆಗೊಂದು ಕ್ಯಾಮೆರಾ,
ನೂರು ಹಾಸಿಗೆಯ ಸ್ವಂತ ಆಸ್ಪತ್ರೆ,
ಅದರಲ್ಲಿ ಮುಕ್ಕಾಲು ತುಂಬಿರಬೇಕು.
ಮಲಗಿದವರಿಗೆ ಕಾಯಿಲೆಯೂ ಇರಬೇಕೆಂದು
ಬರೆಯಲು ಮರೆತಿದ್ದಾರೆ.

ಕರಡು ಹೊರಟಾಗ ನನಗೂ ಒಂದು ಪ್ರತಿ ಬಂದಿತ್ತು.
ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು.
ನಾನು, ನಿವೃತ್ತ ಸಿಸ್ಟರ್ ಟ್ಯೂಟರ್ ಚೋಂದಮ್ಮ,
ಮೂವತ್ತೊಂದನೆಯ ದಿನ ಕನ್ನಡಕ ಹುಡುಕುತ್ತಿದ್ದೆ.

ಜನವರಿ. ರೋಬಸ್ಟಾ ಹಣ್ಣಾಗಿದ್ದ ವಾರ.
ಕಾರ್ಯದರ್ಶಿ ಪೆಮ್ಮಯ್ಯನವರು ಮುಂದೆ ಮುಂದೆ ನಡೆದು
ಕೋಣೆಕೋಣೆಗೆ ಸ್ವಿಚ್ಚು ಹಾಕುತ್ತಿದ್ದರು.
ಪ್ರಯೋಗಾಲಯದಲ್ಲಿ ಬೊಂಬೆ.
ಅಂಗಾಲಲ್ಲಿ ನೆರೆ ಜಿಲ್ಲೆಯ ಕಾಲೇಜಿನ ಹೆಸರು, ಅರ್ಧ ಉಜ್ಜಿದ್ದು.
ಹೋದ ತಿಂಗಳು ಅಲ್ಲಿ ಕಂಡವಳೇ;
ಎದೆ ಒತ್ತಿದರೆ ಅದೇ ಕೀರಲು.
ಚೆನ್ನಾಗಿದ್ದೀಯಾ ಎಂದು ಕೇಳಬೇಕೆನಿಸಿತು.

ವಾರ್ಡು ತುಂಬಿತ್ತು.
ಗದ್ದದವರೆಗೆ ಹೊದಿಕೆ. ಒಬ್ಬಳು ಒಳಗೊಳಗೇ ನಗುತ್ತಿದ್ದಳು.
ಕೇಸ್ ಶೀಟುಗಳಲ್ಲೆಲ್ಲ ಒಂದೇ ಕೈ, ಒಂದೇ ನೀಲಿ:
ಜ್ವರ ತೊಂಬತ್ತೆಂಟು ಪಾಯಿಂಟ್ ನಾಲ್ಕು,
ನಾಡಿ ಎಪ್ಪತ್ತೆರಡು.
ಮಲಗಲು ಮುನ್ನೂರು ರೂಪಾಯಿ, ಮಧ್ಯಾಹ್ನದ ಊಟ.
ಹಣ್ಣು ಕುಯ್ದರೆ ಅದಕ್ಕಿಂತ ಹೆಚ್ಚು ಸಿಗುವ ದಿನಗಳಲ್ಲಿ
ಮಲಗಲು ಬಂದವರು ಯಾರು, ಏಕೆ?
ಹೊಳೆಯಬೇಕಿತ್ತು. ನನಗೂ ಹೊಳೆಯಲಿಲ್ಲ.

ಹದಿನೇಳನೆಯ ಹಾಸಿಗೆ.
ಎರಡನೇ ವರ್ಷದ ಹುಡುಗಿ; ಎದೆಯ ಚೀಟಿಯಲ್ಲಿ
ವೈ.ಸಿ. ಪುಷ್ಪಿ.
ಮೇಡಂಗೆ ನಾಡಿ ನೋಡಿ ತೋರಿಸು ಎಂದರು.
ತೋರಿಸಲಿಲ್ಲ. ನೋಡಿದಳು.
ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು
ನಾವೆಲ್ಲ ಮಾಡುವ ಕಳ್ಳತನ.
ಇವಳು ಇಡೀ ನಿಮಿಷ ನಿಂತಳು,
ಪೆಮ್ಮಯ್ಯನವರು ಎರಡು ಸಲ ಕೆಮ್ಮಿದರು.
ಆಮೇಲೆ ಬಾಗಿ, ಎರವರ ಮಾತಿನಲ್ಲಿ
ಏನೋ ಕೇಳಿದಳು. ಆಕೆ ಗೋಡೆಗೆ ಮುಖ ತಿರುಗಿಸಿ
ಗೋಡೆಗೇ ಉತ್ತರ ಹೇಳಿದಳು.

ಹೆರಿಗೆಯಾಗಿ ಹನ್ನೊಂದು ದಿನವಂತೆ, ಮೇಡಂ.
ನಾಡಿ ನೂರ ಇಪ್ಪತ್ತೆಂಟು. ಮೈ ಸುಡುತ್ತಿದೆ. ವಾಸನೆ ಇದೆ.
ಶೀಟಿನಲ್ಲಿ ಬರೆದದ್ದು ತಪ್ಪು.

ಹೊದಿಕೆ ಸರಿಸಿದೆ.
ರವಿಕೆಯ ಮೇಲೆ ಹಾಲಿನ ಒದ್ದೆ, ಎರಡು ವೃತ್ತ.
ಮಗು ಲೈನ್‌ಮನೆಯಲ್ಲಿ, ಏಳು ವರ್ಷದ ಅಕ್ಕನ ಕಂಕುಳಲ್ಲಿ.
ನೂರು ಹಾಸಿಗೆಯ ಆಸ್ಪತ್ರೆಗೆ ಆಗ ಡಾಕ್ಟರಿರಲಿಲ್ಲ;
ಅವರು ಬರಬೇಕಿದ್ದದ್ದು ಮಧ್ಯಾಹ್ನದ ಫೋಟೋಗೆ.

ತಪಾಸಣೆಯ ಜೀಪೇ ಆಂಬುಲೆನ್ಸಾಯಿತು.
ಹಿಂದೆ ಪುಷ್ಪಿ, ಮಣಿಕಟ್ಟು ಬಿಡದೆ.
ಮುಂದೆ ನಾನು, ತೊಡೆಯ ಮೇಲೆ ಐವತ್ತಾರು ಪುಟ.
ಯಾರು ಕಲಿಸಿದ್ದು ಹೀಗೆ ಎಣಿಸಲು? ಕೇಳಿದೆ.
ಏಲಿಯಮ್ಮ ಮಿಸ್ಸು.
ಐದು ತಿಂಗಳು ಸಂಬಳ ಆಗಲಿಲ್ಲ, ಹೋದರು.
ಹಾಜರಿಯಲ್ಲಿ ಈಗಲೂ ಇದ್ದಾರೆ.

ರಾತ್ರಿ ನಮೂನೆ ತುಂಬಿಸಿದೆ.
ಬೊಂಬೆ: ಎರವಲು. ಹಾಸಿಗೆ: ಸುಳ್ಳು.
ಬೋಧಕಿಯರು: ಕಾಗದದಲ್ಲಿ.
ಇದಿಷ್ಟೂ ನಿಜ; ಇದಿಷ್ಟಕ್ಕೇ ಬೀಗ ಬೀಳುತ್ತದೆ,
ಬೀಳಬೇಕು.
ಬಿದ್ದ ಮಾರನೆಯ ದಿನ ಹಾಸ್ಟೆಲಿನ ಟ್ರಂಕು ಹೊತ್ತು
ನಲವತ್ತು ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ.
ಮೂವತ್ತೊಂಬತ್ತು ಮಂದಿ ಬೇರೆಲ್ಲಾದರೂ ಸೇರಿಯಾರು.
ಇವಳ ಸೀಟು ಎಲ್ಲಿ? ಯಾವ ಪುಟದಲ್ಲಿ?

ಷರಾ ಕಾಲಂ ಅರ್ಧ ಇಂಚು ಅಗಲ.
ಅಕ್ಷರ ಸಣ್ಣದು ಮಾಡಿ ಬರೆದೆ:
ಹಾಸಿಗೆ ೧೭. ರೋಗಿ ಇದ್ದಳು.
ಪಕ್ಕದಲ್ಲಿ ನರ್ಸ್ ಇದ್ದಳು.

ಬೆಳಗಿನ ಐದಕ್ಕೆ ಫೋನು.
ನೂರ ನಾಲ್ಕು, ಮೇಡಂ.
ಜ್ವರವೇನೇ ಎಂದು ಎದ್ದು ಕೂತೆ.
ಅಲ್ಲ, ನಾಡಿ. ಇಳಿಯುತ್ತಾ ಇದೆ.
ಇಡೀ ನಿಮಿಷ ಎಣಿಸಿದೆಯಾ?
ಎರಡು ಸಲ.

ಕೊನೆಯ ಪುಟದ ಎರಡು ಚೌಕಗಳಲ್ಲಿ
ಯಾವುದಕ್ಕೂ ಇನ್ನೂ ಗುರುತು ಹಾಕಿಲ್ಲ.